ಹತ್ತನೆಯವನ ಹಣೆಯ ಗಾಯ

ಕೇಳುಗರೆಲ್ಲರಿಗೂ ಶರಣು, ನಮಸ್ಕಾರ.

ಶ್ರಾವಣ ಬಂತೆಂದರೆ ನಮ್ಮ ಕಲಬುರಗಿ, ಬೀದರ, ಯಾದಗಿರಿ ಸೀಮೆಯಲ್ಲಿ ಊರೂರಿಗೂ ಪುರಾಣ ಹಚ್ಚುತ್ತಾರೆ. ಮಠದ ಅಂಗಳದಲ್ಲಿ, ಹನುಮಪ್ಪನ ಗುಡಿ ಮುಂದೆ, ಎಲ್ಲೂ ಜಾಗ ಸಾಲದಿದ್ದರೆ ಶಾಲೆಯ ಬಯಲಿನಲ್ಲಿ. ಹೊಲದ ಕೆಲಸ ಮುಗಿಸಿ, ರೊಟ್ಟಿ ಬಡಿದಿಟ್ಟು ಜನ ಬಂದು ಕೂಡುತ್ತಾರೆ, ಎರಡು ತಾಸು ಅಲುಗಾಡದೆ ಕೇಳುತ್ತಾರೆ. ಇಷ್ಟು ಶ್ರದ್ಧೆಯಿಂದ ಕೇಳುವವರು ನಮ್ಮ ಜನ, ಇದನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ. ಈಗಂತೂ ಮೊಬೈಲಿನಲ್ಲೂ ಪ್ರವಚನ ಸಿಗುತ್ತದೆ. ಕೇಳುವುದಕ್ಕೆ ಏನೂ ಕೊರತೆ ಇಲ್ಲ.

ಆದರೆ ಕೇಳಿದ ಮೇಲೆ ಏನು? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅದರ ಬಗ್ಗೆ.

ವೇದಾಂತದಲ್ಲಿ ಶ್ರವಣ, ಮನನ, ನಿದಿಧ್ಯಾಸ ಅಂತ ಹೇಳುತ್ತಾರೆ. ಕೇಳಬೇಕು, ಕೇಳಿದ್ದನ್ನು ವಿಚಾರ ಮಾಡಬೇಕು, ವಿಚಾರ ಮಾಡಿ ಗಟ್ಟಿಯಾದದ್ದರಲ್ಲಿ ಮನಸ್ಸು ನಿಲ್ಲಿಸಬೇಕು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ತಮ್ಮ ಹೆಂಡತಿ ಮೈತ್ರೇಯಿಗೆ ಇದನ್ನು ಹೇಳುತ್ತಾರೆ. ಆದರೆ ಮೈತ್ರೇಯಿ ಸುಮ್ನೆ ತಲೆ ಆಡಿಸುತ್ತಾ ಕೂತವಳಲ್ಲ. ಒಂದು ಕಡೆ ಗಂಡನನ್ನು ತಡೆದು, ಇಲ್ಲಿ ನೀವು ನನ್ನನ್ನು ಗೊಂದಲಕ್ಕೆ ಹಾಕಿದಿರಿ ಅಂತ ನೇರವಾಗಿ ಹೇಳುತ್ತಾಳೆ. ಯಾಜ್ಞವಲ್ಕ್ಯರು ಸಿಟ್ಟಾಗುವುದಿಲ್ಲ, ಅದೇ ಮಾತನ್ನು ಮತ್ತೆ ಬಿಡಿಸಿ ಹೇಳುತ್ತಾರೆ. ಹೆಂಡತಿ ಗಂಡನನ್ನು, ಶಿಷ್ಯೆ ಗುರುವನ್ನು ತಡೆದು ನಿಲ್ಲಿಸಿದ ಆ ಗಳಿಗೆ ಉಪನಿಷತ್ತಿನೊಳಗೇ ಉಳಿದುಕೊಂಡಿದೆ. ನನಗೆ ಅದು ಬಹಳ ದೊಡ್ಡದಾಗಿ ಕಾಣುತ್ತದೆ.

ನಾವು ಮಾತ್ರ ಆ ನಡುವಿನ ಮನನದ ಹೆಜ್ಜೆಯನ್ನು ದಾಟಿಬಿಡುತ್ತೇವೆ. "ಅಪ್ಪಾವರ ಮುಂದ ಎದುರು ಮಾತು ಹ್ಯಾಂಗ ಆಡೂದು?" ಅಂತ ಹಿಂಜರಿಕೆ. ಇದರಿಂದ ಏನು ತಪ್ಪಿಹೋಗುತ್ತದೆ ಅನ್ನುವುದನ್ನು ಒಂದು ಕತೆಯಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವ ಕತೆಯೇ.

ಹತ್ತು ಮಂದಿ ಗೆಳೆಯರು ಹೊಳೆ ದಾಟುತ್ತಾರೆ. ನಮ್ಮ ಭೀಮಾ ನದಿ ಅಂತಲೇ ಇಟ್ಟುಕೊಳ್ಳಿ, ಗಾಣಗಾಪುರದ ಸಂಗಮದ ಹತ್ತಿರ. ಆಚೆ ದಂಡೆಗೆ ಹೋಗಿ ಒಬ್ಬ ಎಣಿಸುತ್ತಾನೆ. ಒಂಬತ್ತೇ ಮಂದಿ! ತನ್ನನ್ನು ಬಿಟ್ಟು ಎಣಿಸಿದ್ದಾನೆ. ಹತ್ತನೆಯವನು ಹೊಳೆಯಲ್ಲಿ ಹೋದ ಅಂತ ಹಣೆ ಚಚ್ಚಿಕೊಂಡು ಅಳುತ್ತಾನೆ. ದಾರಿಯಲ್ಲಿ ಬಂದವನೊಬ್ಬ ನೋಡಿ, ಹತ್ತನೆಯವನು ಇದ್ದಾನಪ್ಪಾ ಅನ್ನುತ್ತಾನೆ. ಅಳುವವನಿಗೆ ಸ್ವಲ್ಪ ಉಸಿರು ಬರುತ್ತದೆ. ಎಲ್ಲಿದ್ದಾನೆ? ಬಂದವನು ಒಂಬತ್ತು ಮಂದಿಯನ್ನು ಎಣಿಸಿ, ಕೊನೆಗೆ ಬೆರಳನ್ನು ಅವನ ಕಡೆಗೇ ತಿರುಗಿಸಿ, ಹತ್ತನೆಯವನು ನೀನೇ ಅನ್ನುತ್ತಾನೆ.

ಈ ಕತೆಯನ್ನು ವಿದ್ಯಾರಣ್ಯರ ಪಂಚದಶಿಯ ಏಳನೆಯ ಪ್ರಕರಣದಲ್ಲಿ ಬಹಳ ನಿಧಾನವಾಗಿ ಬಿಡಿಸಿದ್ದಾರೆ. ಅದು 14ನೆಯ ಶತಮಾನದ ಗ್ರಂಥ, 15 ಪ್ರಕರಣಗಳಿವೆ. ಆ ಒಬ್ಬ ಮನುಷ್ಯನಲ್ಲಿ ಏಳು ಅವಸ್ಥೆ ತೋರಿಸುತ್ತಾರೆ. ಹತ್ತನೆಯವನು ತಾನೇ ಅಂತ ಗೊತ್ತಿಲ್ಲದ್ದು ಅಜ್ಞಾನ. ಅವನು ಕಾಣುತ್ತಿಲ್ಲ, ಅವನಿಲ್ಲ ಅನ್ನುವುದು ಆವರಣ. ಸತ್ತ ಅಂತ ಅಳುವುದು ವಿಕ್ಷೇಪ. ಇದ್ದಾನೆ ಅಂತ ಬಂದವನ ಮಾತಿನಿಂದ ತಿಳಿದದ್ದು ಪರೋಕ್ಷ ಜ್ಞಾನ, ನಾನೇ ಅವನು ಅಂತ ತಿಳಿದದ್ದು ಅಪರೋಕ್ಷ ಜ್ಞಾನ. ಆಮೇಲೆ ಅಳು ನಿಲ್ಲುತ್ತದೆ, ಅದರ ಹಿಂದೆಯೇ ತೃಪ್ತಿ ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮ ನೋಡಿ. ಬಂದವನು ಹೊಳೆಗೆ ಹಾರಿ ಯಾರನ್ನೂ ಎತ್ತಿ ತರಲಿಲ್ಲ. ಪೂಜೆ ಮಾಡು, ಉಪವಾಸ ಮಾಡು, ಆಗ ಹತ್ತನೆಯವನು ಬರುತ್ತಾನೆ ಅಂತಲೂ ಹೇಳಲಿಲ್ಲ. ಇಲ್ಲದ್ದನ್ನು ಹೊಸದಾಗಿ ಪಡೆಯುವ ಮಾತೇ ಅಲ್ಲ ಇದು. ಪೂಜೆ, ಜಪ, ಗಾಣಗಾಪುರದಲ್ಲಿ ಐದು ಮನೆ ತಿರುಗಿ ಮಧುಕರಿ ಬೇಡುವುದು, ಇವೆಲ್ಲ ಮನಸ್ಸನ್ನು ಹದ ಮಾಡುತ್ತವೆ, ಬಂದವನ ಮಾತು ಕಿವಿಗೆ ಬೀಳುವ ಹಾಗೆ ಮಾಡುತ್ತವೆ. ತಿಳಿವು ಮಾತ್ರ ವಿಚಾರದಿಂದಲೇ ಬರಬೇಕು. ಅದ್ವೈತಿಗಳು, ಅಂದರೆ ಜೀವ ಬ್ರಹ್ಮ ಎರಡಲ್ಲ, ನಾವು ಹುಡುಕುವ ಬ್ರಹ್ಮ ನಾವೇ ಅನ್ನುವವರು, ಹಾಗೆ ಹೇಳುತ್ತಾರೆ.

ಪುರಾಣದಲ್ಲಿ ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗಿಯುತ್ತದೆ. ಹತ್ತನೆಯವನು ನೀನೇ ಅಂದ ಕೂಡಲೇ ಜನ ನಗುತ್ತಾರೆ, ಚಪ್ಪಾಳೆ, ಜಯಘೋಷ, ಮಂಗಳಾರತಿ. ಆದರೆ ಮನನ ಮಾಡುವವನು ಇಲ್ಲಿ ಏಳಬಾರದು. ಅವನು ಕೇಳಬೇಕು: ಹಣೆ ಚಚ್ಚಿಕೊಂಡಿದ್ದನಲ್ಲ, ಆ ಗಾಯ ಏನಾಯಿತು?

ಪಂಚದಶಿಯಲ್ಲಿ ಇದಕ್ಕೆ ಉತ್ತರ ಇದೆ, ನನಗೆ ಇಡೀ ಕತೆಯಲ್ಲಿ ಜಾಸ್ತಿ ಹಿಡಿಸಿದ್ದು ಅದೇ. ನಿಜ ತಿಳಿದ ಮೇಲೆ ಅವನು ಅಳುವುದಿಲ್ಲ. ಹಣೆಯ ಗಾಯ ಮಾತ್ರ ಆ ಕ್ಷಣಕ್ಕೆ ಮಾಯುವುದಿಲ್ಲ, ಒಂದು ತಿಂಗಳು ಹಿಡಿದು ಮೆಲ್ಲಗೆ ಮಾಯುತ್ತದೆ. ಹತ್ತನೆಯವನು ಸತ್ತಿಲ್ಲ ಅನ್ನುವ ಸಂತೋಷ ಆ ನೋವನ್ನು ಮುಚ್ಚುತ್ತದೆ, ಗಾಯ ಇದ್ದೇ ಇರುತ್ತದೆ. ಜ್ಞಾನಿಗೂ ಪ್ರಾರಬ್ಧ, ಅಂದರೆ ಈ ಜನ್ಮದಲ್ಲಿ ಉಣ್ಣಲೇಬೇಕಾದ ಹಿಂದಿನ ಕರ್ಮದ ಫಲ, ಹೀಗೆಯೇ ಅಂತ ಗ್ರಂಥ ಹೇಳುತ್ತದೆ. ತಿಳಿದವನಿಗೂ ಹಸಿವಾಗುತ್ತದೆ, ಜ್ವರ ಬರುತ್ತದೆ, ಮೈ ಮುಪ್ಪಾಗುತ್ತದೆ.

ಇದನ್ನು ವಿಚಾರ ಮಾಡದೆ ಬಿಟ್ಟರೆ ಎಂಥ ಅನಾಹುತ ಆಗುತ್ತದೆ ನೋಡಿ. ತೊಗರಿಗೆ ನೆಟೆ ರೋಗ ಬಿದ್ದು ಹೊಲಕ್ಕೆ ಹೊಲವೇ ಒಣಗಿ ಕೂತ ರೈತನ ಹತ್ತಿರ ಹೋಗಿ, ಯಾಕೆ ಚಿಂತೆ ಮಾಡ್ತಿ, ಜಗತ್ತೆಲ್ಲ ಮಿಥ್ಯ ಅಂತ ಹೇಳುವವರು ಇದ್ದಾರೆ. ಮಗನನ್ನು ಕಳೆದುಕೊಂಡ ತಾಯಿಗೆ, ಆತ್ಮಕ್ಕೆ ಸಾವಿಲ್ಲವ್ವಾ ಅಂತ ಹೇಳಿ ಚಹಾ ಕುಡಿದು ಎದ್ದು ಹೋಗುವವರೂ ಇದ್ದಾರೆ. ನನಗೆ ಇದು ಸಹಿಸುವುದಿಲ್ಲ. ಇದು ವೇದಾಂತವೂ ಅಲ್ಲ. ವ್ಯವಹಾರದ ಲೆಕ್ಕದಲ್ಲಿ ಹೊಲ ಹೊಲವೇ, ಸಾಲ ಸಾಲವೇ, ಹಸಿವಿಗೆ ಅನ್ನವೇ ಬೇಕು, ಜ್ವರಕ್ಕೆ ಔಷಧವೇ ಬೇಕು. ಶಂಕರಾಚಾರ್ಯರೂ ಬ್ರಹ್ಮಜ್ಞಾನ ಆಗುವವರೆಗೆ ಈ ವ್ಯವಹಾರವೆಲ್ಲ ಸತ್ಯವೇ ಅಂತ ಒಪ್ಪಿಕೊಂಡಿದ್ದಾರೆ. ಇನ್ನೊಬ್ಬರ ಗಾಯಕ್ಕೆ ನಮ್ಮ ಬಾಯಿಯ ಅದ್ವೈತವನ್ನು ಹಚ್ಚುವ ಅಧಿಕಾರ ನಮಗೆ ಯಾರು ಕೊಟ್ಟರು?

ನಮ್ಮ ಭಾಗದ ಹಿರಿಯರನ್ನು ನೋಡಿ. ಸಿದ್ಧಾರೂಢರು ಹುಟ್ಟಿದ್ದು 1836ರಲ್ಲಿ, ಬೀದರ ಜಿಲ್ಲೆಯ ಚಳಕಾಪುರದಲ್ಲಿ. ಚಿಕ್ಕ ವಯಸ್ಸಿನಲ್ಲೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದವರು, ಮುಂದೆ ಹುಬ್ಬಳ್ಳಿಯಲ್ಲಿ ನೆಲೆ ನಿಂತು 1929ರಲ್ಲಿ ದೇಹ ಬಿಟ್ಟರು. ಶುದ್ಧ ಅದ್ವೈತ ಹೇಳಿದವರು. ಅದರ ಜೊತೆಗೇ ಅವರ ಮಠದಲ್ಲಿ ದಾಸೋಹ ನಡೆಯಿತು, ಇವತ್ತಿಗೂ ನಡೆಯುತ್ತಿದೆ. ಹುಮನಾಬಾದ ಹತ್ತಿರದ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳು, 1817ರಿಂದ 1865, ಸಕಲಮತ ಸಂಪ್ರದಾಯ ಕಟ್ಟಿದರು. ಯಾರ ಮತವನ್ನೂ ಅಲ್ಲಗಳೆಯಬೇಡ, ಎಲ್ಲದರ ತಳದಲ್ಲಿ ಇರುವುದು ಒಂದೇ ಅಂತ ಅವರ ನಿಲುವು. ಹಿಂದೂಗಳೂ ಮುಸಲ್ಮಾನರೂ ಅವರ ಹತ್ತಿರ ಬಂದರು. ಎಲ್ಲ ಒಂದೇ ಅಂದವರೇ ಇಲ್ಲಿ ಹಸಿದವರ ಸಲುವಾಗಿ ಒಲೆ ಹಚ್ಚಿದ್ದಾರೆ. ಗಾಯದ ಮಾತು ಅವರಿಗೆ ಗೊತ್ತಿತ್ತು.

ತತ್ವಪದಕಾರ ಕಡಕೋಳ ಮಡಿವಾಳಪ್ಪನವರನ್ನಂತೂ ಬಿಡುವ ಹಾಗೇ ಇಲ್ಲ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು. ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡುವ ಭಜನೆಗೆ ನೀವು ಹೋಗಿದ್ದರೆ ಗೊತ್ತಿರುತ್ತದೆ, ಪದ ಮುಗಿದ ಮೇಲೆ ಯಾರಾದರೂ ಒಬ್ಬರು, "ಮುತ್ಯಾ, ಇದರ ಒಳಗಿನ ಅರ್ಥ ಬಿಡಿಸಿ ಹೇಳು" ಅನ್ನುತ್ತಾರೆ. ಅಲ್ಲಿಂದ ಮಾತು ಶುರುವಾದರೆ ನಡುರಾತ್ರಿ ದಾಟುತ್ತದೆ. ಅದೇ ಮನನ. ಓದು ಬರಹ ಬಾರದವರೂ ಮಾಡಿದ ಮನನ ಅದು, ಅಲ್ವಾ?

ಇನ್ನೊಂದು ಮಾತು. ವಿಚಾರ ಅಂದರೆ ನಮ್ಮದನ್ನು ಒಪ್ಪದವರ ಮಾತನ್ನೂ ಕೇಳುವುದು. ಕಾಗಿಣಾ ದಂಡೆಯ ಮಳಖೇಡದಲ್ಲಿ ಜಯತೀರ್ಥರನ್ನು ಜನ ಭಕ್ತಿಯಿಂದ ಪೂಜಿಸುತ್ತಾರೆ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದು ಟೀಕಾಚಾರ್ಯರು ಅನಿಸಿಕೊಂಡವರು. ಮಧ್ವರ ಹಾದಿಯ ದ್ವೈತಿಗಳು, ಅಂದರೆ ಜೀವ ಬೇರೆ ದೇವರು ಬೇರೆ ಅನ್ನುವವರು, ಅದ್ವೈತಿಗಳಿಗೆ ಒಂದು ಗಟ್ಟಿ ಪ್ರಶ್ನೆ ಹಾಕುತ್ತಾರೆ: ಇರುವುದು ಬ್ರಹ್ಮ ಒಂದೇ ಆದರೆ ಈ ಅಜ್ಞಾನ ಯಾರದು? ಎಲ್ಲ ತಿಳಿದ ಬ್ರಹ್ಮನಿಗೆ ಅಜ್ಞಾನವೇ? ನಮ್ಮ ಕತೆಗೆ ಹಚ್ಚಿ ಹೇಳುವುದಾದರೆ, ಎಣಿಕೆ ತಪ್ಪಿದ್ದು ಯಾರು? ಇದನ್ನು ಅದ್ವೈತಿ ಪಕ್ಕಕ್ಕೆ ಸರಿಸಬಾರದು. ಈ ಪ್ರಶ್ನೆಯ ಮುಂದೆ ಒಂದು ವಾರ ಕೂತರೆ ಬರುವ ಲಾಭ ಹತ್ತು ಪ್ರವಚನ ಕೇಳಿದರೂ ಬರುವುದಿಲ್ಲ ಅನ್ನುವುದು ನನ್ನ ಅನುಭವ.

ನಾವು ಕೆಲವರು ವಾರಕ್ಕೊಮ್ಮೆ ಸಂಜೆ ಕೂಡುತ್ತೇವೆ. ಒಂದೋ ಎರಡೋ ಶ್ಲೋಕ ಓದುತ್ತೇವೆ, ಜಾಸ್ತಿ ಇಲ್ಲ. ಈ ಹತ್ತನೆಯವನ ಕತೆ ಬಂದ ದಿನ, ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಅಮ್ಮ ಕೇಳಿದರು: "ಅಲ್ರೀ, ಖರೇನ ಒಬ್ಬಾಂವ ಹೊಳ್ಯಾಗ ಮುಳುಗಿದ್ರ?"

ಯಾರಿಗೂ ತಟ್ಟನೆ ಮಾತು ಬರಲಿಲ್ಲ. ಆಮೇಲೆ ಓದಿಸುತ್ತಿದ್ದ ಹಿರಿಯರು ಹೇಳಿದರು, ಹಾಗಾದರೆ ಆ ಅಳು ತಪ್ಪು ಎಣಿಕೆಯಿಂದ ಬಂದದ್ದಲ್ಲ ತಾಯಿ, ಆಗ ಹೊಳೆಗೆ ಇಳಿದು ಹುಡುಕಬೇಕು, ಸಿಗದಿದ್ದರೆ ಅವನ ಮನೆಯವರ ಜೊತೆ ಕೂತು ಅಳಬೇಕು, ಅವನ ಮಕ್ಕಳನ್ನು ನೋಡಿಕೊಳ್ಳಬೇಕು. ಈ ಕತೆ ಹೇಳುವುದು ನಮ್ಮನ್ನು ನಾವೇ ಕಳೆದುಕೊಂಡ ದುಃಖದ ಬಗ್ಗೆ. ಎಲ್ಲ ದುಃಖಕ್ಕೂ ಇದನ್ನು ಹಚ್ಚಬೇಡಿ ಅಂದರು. ಅಮ್ಮ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಎರಡೂ ದುಃಖ ಬೇರೆ ಬೇರೆ ಅಂತ ಅಳುವವರಿಗೆ ಹೇಗೆ ಗೊತ್ತಾಗಬೇಕು ಅಂತ ಮತ್ತೆ ಕೇಳಿದರು. ಮುಂದಿನ ವಾರಗಳಲ್ಲೂ ನಾವು ಅದನ್ನೇ ವಿಚಾರ ಮಾಡಿದೆವು.

ನಿಮ್ಮ ಊರಲ್ಲಿ ಪುರಾಣ ಹಚ್ಚುವ ಹಿರಿಯರಿಗೆ ನನ್ನದೊಂದು ವಿನಂತಿ. ಮಂಗಳಾರತಿಗೆ ಮೊದಲು ಅರ್ಧ ತಾಸು ಪ್ರಶ್ನೆಗೆ ಬಿಡಿ. ಮೊದಲು ಹಿಂದಿನ ಸಾಲಿನವರಿಗೆ, ಹೆಣ್ಣುಮಕ್ಕಳಿಗೆ ಮೈಕು ಕೊಡಿ. ಉತ್ತರ ಆವತ್ತೇ ಸಿಗದಿದ್ದರೆ ಮರುದಿನ ಹೇಳಿದರಾಯಿತು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಶರಣು.