ಗೂಟ, ಹಗ್ಗ, ಗ್ಲೈಡರ್

ಕೇಳುಗರೆ, ನಮಸ್ಕಾರ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಬಳ್ಳಾರಿ ಗುಡ್ಡದ ಮೇಲೆ ಹದ್ದು ಸುತ್ತುವುದನ್ನು ನೋಡಿದ್ದೀರಲ್ಲ? ರೆಕ್ಕೆ ಬಡಿಯುವುದಿಲ್ಲ, ಆದರೂ ಮೇಲೇರುತ್ತಲೇ ಇರುತ್ತದೆ. ಕಾದ ಬಂಡೆ ಗಾಳಿಯನ್ನು ಕಾಯಿಸುತ್ತದೆ, ಕಾದ ಗಾಳಿ ಏಳುತ್ತದೆ. ಹಾರುವವರು ಅದಕ್ಕೆ ಥರ್ಮಲ್ ಅಂತಾರೆ. ಇಂಜಿನ್ನಿಲ್ಲದ ಗ್ಲೈಡರಿಗೂ ಅದೇ ಆಸರೆ. ಸಿರುಗುಪ್ಪದ ಕಡೆ, ಕಾಲುವೆ ಕೆಳಗಿನ ಭತ್ತದ ಗದ್ದೆಗಳ ಮೇಲೆ ಅಷ್ಟು ಸಿಗುವುದಿಲ್ಲ. ನೀರು ನಿಂತ ನೆಲ ಬೇಗ ಕಾಯದು.

ನಾನು ಗ್ಲೈಡರ್ ಕಲಿತದ್ದು ಬೇರೆ ಊರಲ್ಲಿ. ಮೈದಾನದ ಮೇಲೆ ಸುತ್ತುವುದು ಬೇಗ ಬಂತು. ಮೈದಾನ ಬಿಟ್ಟು ದೂರ ಹೋಗುವುದು, ಅಂದರೆ ಕ್ರಾಸ್ ಕಂಟ್ರಿ, ಬರಲಿಲ್ಲ. ಗ್ಲೈಡರ್ ಹಾರಿಸುವವರಿಗೆ ಕೊಡುವ ಸಿಲ್ವರ್ ಬ್ಯಾಡ್ಜಿಗೆ 50 ಕಿಲೋಮೀಟರ್ ಹಾರಬೇಕು, ಹೆಚ್ಚುಕಮ್ಮಿ ಬಳ್ಳಾರಿಯಿಂದ ಸಿರುಗುಪ್ಪದಷ್ಟು. ಜೊತೆಯವರು ಹೋಗಿಬಂದರು. ನಾನು ಎರಡು ಬೇಸಿಗೆ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಹಗ್ಗದಷ್ಟೇ ಮೇದೆ. ನಾಚಿಕೆಯೂ ಆಯಿತು, ಸುಳ್ಳು ಯಾಕೆ?

ಆದರೆ ಈ ಹಗ್ಗ, ಅಂದರೆ ಮೈದಾನಕ್ಕೆ ತೇಲಿ ವಾಪಸ್ ಬರಬಹುದಾದಷ್ಟು ದೂರ, ಬೆಳೆಯುವ ಹಗ್ಗ. ನಮ್ಮ ಗ್ಲೈಡರ್ 1 ಕಿಲೋಮೀಟರ್ ಎತ್ತರದಿಂದ 30 ಕಿಲೋಮೀಟರ್ ತೇಲುತ್ತದೆ ಎಂದು ಪುಸ್ತಕ ಹೇಳುತ್ತದೆ. ಎದುರುಗಾಳಿ ಇದ್ದರೆ, ಇಳಿಯುವ ಗಾಳಿಗೆ ಸಿಕ್ಕರೆ ಆ ಲೆಕ್ಕ ನಿಲ್ಲದು. ನಾನು ಅರ್ಧ ಹಿಡಿದೆ, 15. ಅದರಲ್ಲೂ ಮೈದಾನಕ್ಕೆ ಬಂದು ಸುತ್ತುಹಾಕಿ ಇಳಿಯಲು 300 ಮೀಟರ್ ತೆಗೆದಿಟ್ಟೆ. 900 ಮೀಟರ್ ಏರಿದರೆ 9 ಕಿಲೋಮೀಟರ್ ಹಗ್ಗ. 1500 ಏರಿದರೆ 18. ಥರ್ಮಲ್ ಚೆನ್ನಾಗಿದ್ದ ದಿನ ಹಗ್ಗ ಉದ್ದ, ಇಲ್ಲದ ದಿನ ಗಿಡ್ಡ. ಅಷ್ಟರೊಳಗೇ ಸಣ್ಣ ಸಣ್ಣ ತ್ರಿಕೋನ ಹಾರಿದೆ.

ಹಗ್ಗ ಬಿಚ್ಚುವ ಮೊದಲು ಇನ್ನೊಂದು ಕಲಿಯಬೇಕಿತ್ತು: ಥರ್ಮಲ್ ಸಿಗದೇ ಹೋದರೆ ಯಾರದೋ ಹೊಲದಲ್ಲಿ ಇಳಿಯುವುದು. ಅದನ್ನು ಕಲಿತದ್ದು ಮಾತ್ರ ನಮ್ಮ ಕಡೆ, ಸಿರುಗುಪ್ಪದ ಬಸ್ಸಿನ ಕಿಟಕಿಯಲ್ಲಿ. ಗದ್ದೆಗೆ ಬದು ಅಡ್ಡ, ಬೇಡ. ಹತ್ತಿ ಕಟ್ಟಿಗೆ ನಿಂತಿದೆ, ಬೇಡ. ಜೋಳ ಕೊಯ್ದ ಹೊಲ ಆದೀತು, ಆದರೆ ಕರೆಂಟ್ ತಂತಿ ಮೇಲಿನಿಂದ ಕಾಣುವುದೇ ಇಲ್ಲ, ಕಂಬ ಹುಡುಕಬೇಕು. ಹೀಗೆ ಕತ್ತು ಹೊರಳಿಸುತ್ತಾ ಕೂತಿದ್ದಾಗ ಪಕ್ಕದ ಹಿರಿಯರು ಕೇಳಿದರು: "ಹೊಲ ತಗಳಾಕ ಬಂದೀರೇನ್ರಿ?"

"ಇಲ್ರಿ, ವಿಮಾನ ಇಳಸಾಕ."

ಅವರು ನಗಲಿಲ್ಲ. ಸ್ವಲ್ಪ ಹೊತ್ತು ಹೊರಗೆ ನೋಡಿ ಅಂದರು: "ಹಂಗಾರ ಮಸಾರಿ ಹೊಲ ನೋಡ್ರಿ. ಬ್ಯಾಸಿಗ್ಯಾಗ ಎರಿ ಬಿರುಕು ಬಿಟ್ಟಿರತೈತಿ, ಗಾಲಿ ಸಿಗೇಬೀಳತೈತಿ."