ಇಫ್ಲಿ ರೋಡಿನ ಟ್ರ್ಯಾಕ್

ಕೇಳುಗರಿಗೆ ನಮಸ್ಕಾರ.

ಒಂದು ಮೈಲಿಯನ್ನು 4 ನಿಮಿಷದೊಳಗೆ ಓಡಿದ ಮೊದಲಿಗ ರೋಜರ್ ಬ್ಯಾನಿಸ್ಟರ್. ಆ ದಾಖಲೆಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಇಫ್ಲಿ ರೋಡ್ ಟ್ರ್ಯಾಕಿಗೂ ದೊಡ್ಡ ಪಾಲಿದೆ.

ಆಕ್ಸ್‌ಫರ್ಡ್‌ಗೂ ಕೇಂಬ್ರಿಜ್‌ಗೂ ಮೊದಲ ಅಥ್ಲೆಟಿಕ್ಸ್ ಪೈಪೋಟಿ ನಡೆದದ್ದು 1864ರಲ್ಲಿ, ಕ್ರೈಸ್ಟ್ ಚರ್ಚ್ ಕಾಲೇಜಿನ ಕ್ರಿಕೆಟ್ ಮೈದಾನದಲ್ಲಿ. ಓಟಕ್ಕೆಂದೇ ಇಫ್ಲಿ ರೋಡಿನಲ್ಲಿ ಜಾಗ ಸಿದ್ಧವಾದದ್ದು 1876ರಲ್ಲಿ. ಆ ಹಳೆಯ ಟ್ರ್ಯಾಕಿನಲ್ಲಿ ಮೂರು ಸುತ್ತಿಗೆ ಒಂದು ಮೈಲಿ. ಅಂದರೆ ಸುತ್ತಿಗೆ ಸುಮಾರು 587 ಗಜ. ನೆಲವೂ ಉಬ್ಬುತಗ್ಗು. ವಿದ್ಯಾರ್ಥಿಗಳ ಅಥ್ಲೆಟಿಕ್ ಕ್ಲಬ್ಬಿನ ಅಧ್ಯಕ್ಷನಾದಾಗ ಬ್ಯಾನಿಸ್ಟರ್ ಪಟ್ಟು ಹಿಡಿದು ಇದನ್ನು ಬದಲಾಯಿಸಿದರು. 1950ರ ಹೊತ್ತಿಗೆ 440 ಗಜದ ಹೊಸ ಟ್ರ್ಯಾಕ್ ಬಂತು. ಸರಿಯಾಗಿ ಕಾಲು ಮೈಲಿ. ನಾಲ್ಕು ನಿಮಿಷದ ಗುರಿಗೆ ಸುತ್ತಿಗೆ 60 ಸೆಕೆಂಡು. ಓಡುತ್ತಲೇ ಲೆಕ್ಕ ಹಿಡಿಯಬೇಕಾದವನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ?

ಅದು ಸಿಂಡರ್ ಟ್ರ್ಯಾಕ್, ಅಂದರೆ ಸುಟ್ಟ ಕಲ್ಲಿದ್ದಲಿನ ಕಿಟ್ಟ ಹಾಸಿದ್ದು. ಇಂಥ ಟ್ರ್ಯಾಕಿಗೆ ಕೆಳಗೆ ದಪ್ಪ ಕಿಟ್ಟ ಹಾಕುತ್ತಾರೆ, ನೀರು ಇಳಿದುಹೋಗಲಿ ಎಂದು. ಮೇಲೆ ಜರಡಿ ಹಿಡಿದ ನುಣ್ಣನೆಯ ಪದರ ಹರಡಿ, ನೀರು ಚಿಮುಕಿಸಿ, ರೋಲರ್ ಎಳೆಯುತ್ತಾರೆ. ನೀರು ಕಡಿಮೆಯಾದರೆ ಮೇಲ್ಪದರ ಸಡಿಲವಾಗಿ ಕಾಲು ಜಾರುತ್ತದೆ. ಹೆಚ್ಚಾದರೆ ಕಿಟ್ಟ ಶೂ ಮೊಳೆಗಳಿಗೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತದೆ. ಎಲ್ಲರೂ ಒಳ ಅಂಚಿಗೇ ಓಡುವುದರಿಂದ ಮೊದಲ ಲೇನ್ ಬೇಗ ಕಿತ್ತುಹೋಗುತ್ತದೆ. ಪ್ರತಿ ಸಲ ಕೆದಕಿ ಮಟ್ಟ ಮಾಡಲೇಬೇಕು.

1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಮಳೆ, ಮೇಲೆ ಜೋರು ಗಾಳಿ. ವಿಶ್ವವಿದ್ಯಾಲಯಕ್ಕೂ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್‌ಗೂ ಪಂದ್ಯ. ಆಗ ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದ ಬ್ಯಾನಿಸ್ಟರ್ ಅಸೋಸಿಯೇಷನ್ ತಂಡದಲ್ಲಿದ್ದರು. ಬೆಳಿಗ್ಗೆಯೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಶೂ ಮೊಳೆಗಳನ್ನು ಸಾಣೆ ಹಿಡಿದು, ಒದ್ದೆ ಕಿಟ್ಟ ಅಂಟದಿರಲೆಂದು ಗ್ರಾಫೈಟ್ ಉಜ್ಜಿಕೊಂಡಿದ್ದರು. ಟ್ರ್ಯಾಕಿನ ಗುಣ ಬಲ್ಲವರು ಮಾಡುವ ಕೆಲಸ ಅದು. ಪಕ್ಕದ ಚರ್ಚಿನ ಬಾವುಟದ ಮೇಲೆ ಅವರ ಕಣ್ಣು. ಓಟಕ್ಕೆ ಸ್ವಲ್ಪ ಮುಂಚೆ ಬಾವುಟದ ಪಟಪಟ ಕಡಿಮೆಯಾದದ್ದನ್ನು ನೋಡಿಯೇ ದಾಖಲೆಗೆ ಕೈಹಾಕಲು ಮನಸ್ಸು ಮಾಡಿದರು.

ಬ್ಯಾನಿಸ್ಟರ್‌ಗೆ ವೇಗ ಹಿಡಿದುಕೊಡಲು ಇಬ್ಬರು ಗೆಳೆಯರು ಸರದಿಯಲ್ಲಿ ಮುಂದೆ ಓಡಿದರು. ಮೊದಲೆರಡು ಸುತ್ತು ಕ್ರಿಸ್ ಬ್ರೇಷರ್ ಮುಂದೆ. ನಿಧಾನವಾಯಿತೆಂದು ಬ್ಯಾನಿಸ್ಟರ್ ಹಿಂದಿನಿಂದ ಕೂಗಿದರೂ ಬ್ರೇಷರ್ ವೇಗ ಬದಲಿಸಲಿಲ್ಲ. ಅದೇ ಸರಿ ಇತ್ತು: ಮೊದಲ ಸುತ್ತು 57.5 ಸೆಕೆಂಡಿನಲ್ಲೇ ಮುಗಿದಿತ್ತು! ಆಗ ಇನ್ನೂ ವೇಗ ಏರಿಸಿದ್ದರೆ ಕೊನೆಗೆ ಕಾಲಲ್ಲಿ ಏನೂ ಉಳಿಯುತ್ತಿರಲಿಲ್ಲ. ಆಮೇಲೆ ಕ್ರಿಸ್ ಚಾಟವೇ ಮುಂದಾಳು. ಮೂರು ಸುತ್ತಿಗೆ 3 ನಿಮಿಷ 0.5 ಸೆಕೆಂಡು. ಕೊನೆಯ ಸುತ್ತಿನಲ್ಲಿ ಬ್ಯಾನಿಸ್ಟರ್ ಮುನ್ನುಗ್ಗಿದರು. ಫಲಿತಾಂಶ ಸಾರುತ್ತಿದ್ದ ನಾರಿಸ್ ಮ್ಯಾಕ್‌ವರ್ಟರ್ ಮೈಕಿನಲ್ಲಿ "ಮೂರು" ಎನ್ನುತ್ತಿದ್ದಂತೆ ಜನರ ಕೇಕೆ. ಮುಂದಿನದು ಕೇಳಿಸಲೇ ಇಲ್ಲ. 3 ನಿಮಿಷ 59.4 ಸೆಕೆಂಡು. ಆರೇ ವಾರ ಕಳೆದ ಮೇಲೆ ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಫಿನ್ಲೆಂಡಿನಲ್ಲಿ ಅದನ್ನು ಮುರಿದರು.

1970ರ ದಶಕದಲ್ಲಿ ಇಫ್ಲಿ ರೋಡಿಗೂ ಸಿಂಥೆಟಿಕ್ ಹಾಸು ಬಂತು. ಟ್ರ್ಯಾಕಿಗೆ ಈಗ ಬ್ಯಾನಿಸ್ಟರ್ ಹೆಸರೇ ಇದೆ. ನಿಮ್ಮ ಕಾಲೇಜಿನ 400 ಮೀಟರ್ ಟ್ರ್ಯಾಕಿನಲ್ಲಿ ಮೈಲಿ ಓಡಿ ನೋಡುವುದಾದರೆ ನಾಲ್ಕು ಸುತ್ತು ಸಾಲದು. ಮೈಲಿಗೆ 1609.34 ಮೀಟರ್, ಆದ್ದರಿಂದ ಮುಕ್ತಾಯದ ಗೆರೆಯಿಂದ 9.34 ಮೀಟರ್ ಹಿಂದೆ ಟೇಪು ಹಿಡಿದು ಗೆರೆ ಎಳೆದು, ಅಲ್ಲಿಂದ ಹೊರಡಿ.