ಸೊಂಟನೋವಿನ ಮಾತ್ರೆ, ಹೊಟ್ಟೆಯಲ್ಲಿರೋ ಕೂಸು

[ದೃಶ್ಯ: ದಾವಣಗೆರೆ, ಮಂಡಕ್ಕಿ ಭಟ್ಟಿ, ಬೆಳಗಿನ ಹೊಗೆ]

ನಮಸ್ಕಾರ. ಭಟ್ಟಿ ಮುಂದೆ ದುಡಿಯೋರಿಗೆ ಸೊಂಟನೋವು ಹೊಸದಲ್ಲ. ಮೆಡಿಕಲ್ ಶಾಪಲ್ಲಿ "ಅಣ್ಣಾ, ಹೋದ್ಸಲ ಕೊಟ್ಟಿದ್ದೇ ಕೊಡು" ಅಂದ್ರೆ ಆಯ್ತು. ಆ ಮಾತ್ರೆ ಟ್ರಮಡಾಲ್ ಆಗಿದ್ದು, ಕೇಳಿದಾಕೆ ಬಸುರಿ ಆಗಿದ್ರೆ?

ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್ಪಲ್ಲಿರೋ ಕೊಡೀನ್, ಮಾರ್ಫಿನ್, ಹೆರಾಯಿನ್, ಎಲ್ಲಾ ಅಫೀಮಿನ ಬಳಗ. ಟ್ರಮಡಾಲನ್ನ 2018ರಲ್ಲಿ ಮಾದಕವಸ್ತು ಕಾಯ್ದೆಯೊಳಗೆ ತಂದಿದ್ದು ಸುಮ್ಮನಲ್ಲ. (ಗಸಗಸೆ ಕಾಯಿಯ ಹಾಲೇ ಅಫೀಮು, ನಿಜ. ಹಂಗಂತ ಹಬ್ಬದ ಪಾಯಸಕ್ಕೆ ಹೆದರಬೇಡಿ, ಬೀಜದಲ್ಲಿ ಆ ಅಂಶ ತೀರಾ ಕಮ್ಮಿ.)

[ಚಿತ್ರ: ಮಾಸು, ಹೊಕ್ಕಳಬಳ್ಳಿ]

ತಾಯಿ ನುಂಗಿದ್ದು ಮಾಸು ದಾಟಿ ಕೂಸಿಗೂ ಹೋಗುತ್ತೆ. ಡಾಕ್ಟರ್ ಬರೆದ ಒಂದೆರಡು ಮಾತ್ರೆಯ ಮಾತಲ್ಲ ಇದು. ವಾರಗಟ್ಟಲೆ, ತಿಂಗಳುಗಟ್ಟಲೆ ತಗೊಂಡ್ರೆ ಕೂಸಿನ ಮೈ ಅದಕ್ಕೆ ಒಗ್ಗಿಹೋಗುತ್ತೆ. ದಿನ ತುಂಬೋ ಮೊದಲೇ ಹೆರಿಗೆ ಆಗಬಹುದು, ತೂಕ ಕಮ್ಮಿ ಇರಬಹುದು. ಸೂಜಿ ಚುಚ್ಚಿಕೊಳ್ಳೋ ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಭಯ ಬೇರೆ.

ಹೊಕ್ಕಳಬಳ್ಳಿ ಕತ್ತರಿಸಿದ ಕೂಡ್ಲೇ ಕೂಸಿಗೆ ಔಷಧಿ ನಿಲ್ಲುತ್ತೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಶುರು: ಕೀರಲು ಅಳು, ಕೈಕಾಲು ನಡುಕ, ಮೇಲಿಂದ ಮೇಲೆ ಸೀನು, ಭೇದಿ. ಹಾಲಿಗೆ ಬಾಯಿ ಹಾಕಿದ್ರೂ ಸರಿಯಾಗಿ ಚೀಪಲ್ಲ. ಒಮ್ಮೊಮ್ಮೆ ತಡವಾಗಿ, ಮನೆಗೆ ಬಂದ ಮೇಲೆ ಕಾಣಿಸುತ್ತೆ. ಅಜ್ಜಿ "ದೃಷ್ಟಿ ಆಗೈತಿ" ಅಂತ ಮೆಣಸಿನಕಾಯಿ ನಿವಾಳಿಸ್ತಾರೆ. ನಿವಾಳಿಸ್ಲಿ ಬಿಡಿ, ಆದ್ರೆ ಆಟೋನೂ ಕರೀರಿ. ಫಿಟ್ಸ್ ಬರೋ ಅಪಾಯ ಇದೆ.

[ಕ್ಯಾಮೆರಾ ಹತ್ತಿರ]

ಈಗ ಇದನ್ನ ಗಮನವಿಟ್ಟು ಕೇಳಿ. ಈ ವಿಡಿಯೋ ನೋಡಿ ಹೆದರಿ ಇವತ್ತೇ ಮಾತ್ರೆ ಬಿಟ್ಟುಬಿಡ್ತೀನಿ ಅನ್ನಬೇಡಿ ತಾಯಿ. ಅಭ್ಯಾಸ ಆದ ಮೈಯಿಂದ ಒಮ್ಮೆಲೇ ಕಿತ್ತುಕೊಂಡ್ರೆ ಗರ್ಭಪಾತ, ಅವಧಿಗೆ ಮುಂಚೆ ಹೆರಿಗೆ ಆಗಬಹುದು. ಚಟ ಹತ್ತಿದವರಿಗೆ ಡಾಕ್ಟರು ಬ್ಯೂಪ್ರಿನಾರ್ಫಿನ್ ಅಥವಾ ಮೆಥಡೋನ್ ಅನ್ನೋ ಬದಲಿ ಔಷಧಿಯನ್ನ ಅಳತೆಯಲ್ಲಿ ಕೊಡ್ತಾರೆ. ಆಗಲೂ ಕೂಸಿಗೆ ನಡುಕ ಬರಬಹುದು, ಆದ್ರೆ ಆಸ್ಪತ್ರೆಯವರು ಕಾದುಕೊಂಡೇ ಇರ್ತಾರೆ. ಮಂದ ಬೆಳಕು, ತಾಯಿ ಎದೆಯ ಬಿಸುಪು, ಆಗಾಗ ಹಾಲು. ಎಷ್ಟೋ ಕೂಸುಗಳಿಗೆ ಇಷ್ಟೇ ಸಾಕು. ಜಾಸ್ತಿ ಆದ್ರೆ ಹನಿ ಲೆಕ್ಕದಲ್ಲಿ ಮಾರ್ಫಿನ್ ಕೊಟ್ಟು, ದಿನದಿನಕ್ಕೆ ಇಳಿಸ್ತಾರೆ. ಹೌದು, ಅದೇ ಬಳಗದ್ದೇ!

ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ, ಇಲ್ಲಾ ಚಟ ಬಿಡಿಸೋಕೆ ಅಂತಲೇ ಇರೋ 14446 ಸಹಾಯವಾಣಿಗೆ ಫೋನ್ ಮಾಡಿ. ಅತ್ತೆ ಮುಂದೆ ಹೇಳೋಕೆ ಸಂಕೋಚ ಆದ್ರೆ "ಒಬ್ಳೇ ಮಾತಾಡ್ಬೇಕು" ಅಂತ ಡಾಕ್ಟರಿಗೆ ಹೇಳಿ. ಮಾತ್ರೆ ಹೆಸರು ನೆನಪಿಲ್ವಾ? ಖಾಲಿ ಸ್ಟ್ರಿಪ್ಪನ್ನ ತಾಯಿ ಕಾರ್ಡಿನೊಳಗೆ ಇಟ್ಕೊಂಡು ಹೋಗಿ.